ದೈತ್ಯ ರೋಬೋಟ್ ನಿಜಕ್ಕೂ ದೈತ್ಯ ಅನ್ನಿಸುವುದು ಯಾವಾಗ?

ಗಾಜನೂರು ಹಿನ್ನೀರು (ಶಿವಮೊಗ್ಗ)

ಪೆಸಿಫಿಕ್ ರಿಮ್ ಚಿತ್ರದ ಎರಡೂ ಭಾಗಗಳನ್ನು ಈ ವಾರ ಒಂದರ ಹಿಂದೊಂದು ನೋಡಿದೆ. 2013ರ ಮೊದಲ ಭಾಗವನ್ನು ನಿರ್ದೇಶಿಸಿದವರು ಗಿಯೆರ್ಮೊ ಡೆಲ್ ಟೊರೊ, 2018ರ ಎರಡನೆಯದನ್ನು ಸ್ಟೀವನ್ ಡಿನೈಟ್. ಎರಡರಲ್ಲೂ ರೋಬೋಟ್‌ಗಳದ್ದು ಮುಗಿಲೆತ್ತರದ ಮೈಕಟ್ಟು. ಆದರೆ ಮೊದಲ ಭಾಗದಲ್ಲಿ ಜಿಪ್ಸಿ ಡೇಂಜರ್ ಎಂಬ ರೋಬೋಟ್ ಸಮುದ್ರದೊಳಗೆ ಒಂದು ಹೆಜ್ಜೆ ಎತ್ತಿಟ್ಟರೆ ಎದೆ ಧಸಕ್ಕೆನ್ನುತ್ತದೆ. ಎರಡನೆಯದರಲ್ಲಿ ಅಂಥವೇ ಯಂತ್ರಗಳು ಓಡುತ್ತವೆ, ನೆಗೆಯುತ್ತವೆ, ಕತ್ತಿ ಬೀಸುತ್ತವೆ, ನನ್ನಲ್ಲಿ ಏನೂ ಅಲುಗುವುದಿಲ್ಲ.

ಹಾಗಾದರೆ ನಮ್ಮನ್ನು ಹಿಡಿದಿಡುವುದು ಎತ್ತರವಲ್ಲ. ನನ್ನ ಮಟ್ಟಿಗೆ ಬೇಕಾದದ್ದು ಎರಡು. ಒಂದು, ಆ ಮೈಗೆ ತೂಕವಿದೆ ಎಂದು ಕಣ್ಣು ನಂಬಬೇಕು. ಇನ್ನೊಂದು, ಅದರೊಳಗೋ ಅದರ ಪಕ್ಕದಲ್ಲೋ ಒಬ್ಬ ಪುಟ್ಟ ಮನುಷ್ಯ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ನನಗೆ ಆಸಕ್ತಿ ಉಳಿಯುವುದಿಲ್ಲ. 2010ರ ಎಂದಿರನ್ ಚಿತ್ರದ ಕೊನೆಯ ಭಾಗ ನೆನಪಿರಬಹುದು. ನೂರಾರು ರೋಬೋಟ್‌ಗಳು ಒಂದಕ್ಕೊಂದು ಅಂಟಿಕೊಂಡು ಚೆಂಡಾಗುತ್ತವೆ, ಹಾವಾಗುತ್ತವೆ, ಕಡೆಗೆ ಒಬ್ಬ ಮಹಾಕಾಯನಾಗಿ ಎದ್ದು ನಿಲ್ಲುತ್ತವೆ. ಕಲ್ಪನೆಯಾಗಿ ಅದು ಬೆರಗು ಹುಟ್ಟಿಸುವಂಥದ್ದು, ನಮ್ಮ ದಕ್ಷಿಣದಲ್ಲಿ ಅದಕ್ಕೆ ಮೊದಲು ಯಾರೂ ಅಷ್ಟು ದೂರ ಹೋಗಿರಲಿಲ್ಲ. ಆದರೂ ಆ ಮಹಾಕಾಯನ ಒಳಗೆ ನಾನು ಕಾಳಜಿ ಮಾಡುವ ಒಂದು ಜೀವವೂ ಇರಲಿಲ್ಲ.

ನಿಮಗೆ ಯಾವ ಚಿತ್ರದಲ್ಲಿ, ಯಾವ ಆಟದಲ್ಲಿ ಹಾಗೆ ಮೈ ಜುಮ್ಮೆಂದಿತು? ಯಾಕೆ? ದಯವಿಟ್ಟು ವಿವರವಾಗಿ ಬರೆಯಿರಿ.

ಕುಲುಮೆ (ಭದ್ರಾವತಿ)

ತೂಕದ ಮಾತು ಎತ್ತಿದ್ದೀರಿ, ಯಂತ್ರಶಾಸ್ತ್ರ ಪಾಠ ಮಾಡುವವನಾಗಿ ಸುಮ್ಮನಿರಲಾರೆ.

ಗೆಲಿಲಿಯೊ 1638ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದಾನೆ. ಒಂದು ಆಕಾರವನ್ನು ಎರಡು ಪಟ್ಟು ಎತ್ತರ ಮಾಡಿದರೆ ಅದರ ತೂಕ ಎಂಟು ಪಟ್ಟಾಗುತ್ತದೆ, ಆದರೆ ಆ ತೂಕ ಹೊರುವ ಕಾಲಿನ ಅಡ್ಡಕೊಯ್ತದ ವಿಸ್ತಾರ ನಾಲ್ಕು ಪಟ್ಟು ಮಾತ್ರ. ಜಿಪ್ಸಿ ಡೇಂಜರ್ ಎತ್ತರ 79 ಮೀಟರ್, ಅಂದರೆ ನಮ್ಮ ನಲವತ್ತೈದು ಪಟ್ಟು. ಅದರ ಕಾಲಿನ ಪ್ರತಿ ಚದರ ಅಂಗುಲವೂ ನಮ್ಮ ಕಾಲು ಹೊರುವುದಕ್ಕಿಂತ ನಲವತ್ತೈದು ಪಟ್ಟು ಭಾರ ಹೊರಬೇಕು. 70 ಕಿಲೋ ತೂಗುವ ಮನುಷ್ಯನನ್ನು ಅಷ್ಟು ಎತ್ತರಕ್ಕೆ ಹಿಗ್ಗಿಸಿದರೆ ಸುಮಾರು 6,400 ಟನ್ ಆಗುತ್ತದೆ. ಚಿತ್ರದವರು ಕೊಟ್ಟಿರುವ ತೂಕ 1,980 ಟನ್. ನಮ್ಮ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ಆ ಲೆಕ್ಕದಲ್ಲಿ ಜಿಪ್ಸಿ ಡೇಂಜರ್ ಸಮುದ್ರಕ್ಕೆ ಇಳಿದರೆ ಮುಳುಗದೆ ತೇಲಬೇಕು. ಜಪಾನಿನ ಟಿವಿ ಸರಣಿಯ ರೋಬೋಟ್ ಗುಂಡಮ್ ಕೂಡ ಹೀಗೆಯೇ. ಎತ್ತರ 18 ಮೀಟರ್, ಪೂರ್ತಿ ಸಜ್ಜಾದಾಗ 60 ಟನ್. ಅದೇ ಎತ್ತರದ ಮನುಷ್ಯನಿದ್ದರೆ 76 ಟನ್ ತೂಗುತ್ತಿದ್ದ.

ಕಾಗದದ ಮೇಲೆ ಇವೆಲ್ಲ ಹಗುರ. ಹಾಗಿದ್ದೂ ಮೊದಲ ಭಾಗ ನೋಡುವಾಗ ನಮಗೆ ಭಾರ ಕಾಣುತ್ತದೆ. ಅದನ್ನು ಎಲ್ಲಿಂದ ತಂದರು? ಕಾಲದಿಂದ.

ಜೋಗಕ್ಕೆ ಹೋದಾಗ ರಾಜಾ ಜಲಪಾತವನ್ನು ಎದುರಿನ ದಡದಿಂದ ಗಮನಿಸಿ. ಧಾರೆಯಲ್ಲಿ ಬಿಳಿಯ ಒಂದು ತುಣುಕನ್ನು ಹಿಡಿದು ಕಣ್ಣಿನಲ್ಲೇ ಕೆಳಗಿನವರೆಗೆ ಬೆನ್ನಟ್ಟಿ. ಅದು ಬೀಳುವುದಿಲ್ಲ, ಇಳಿಯುತ್ತದೆ. 253 ಮೀಟರ್ ಇಳಿಯಲು ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೂ ಏಳು ಸೆಕೆಂಡ್ ಬೇಕು. ನಮ್ಮ ಮನೆಯ ನಲ್ಲಿ ನೀರು ಬಕೆಟ್ಟಿಗೆ ಬೀಳಲು ಅರೆ ಸೆಕೆಂಡ್ ಸಾಕು. ವಸ್ತು ದೊಡ್ಡದಾದಷ್ಟೂ ಅದರ ಚಲನೆ ನಿಧಾನವಾಗಿ ಕಾಣುತ್ತದೆ ಎಂಬುದನ್ನು ನಮ್ಮ ಕಣ್ಣು ಹುಟ್ಟಿದಾಗಿನಿಂದ ಕಲಿತಿದೆ. ಲೆಕ್ಕ ಸರಳ: ಎತ್ತರ ನಲವತ್ತೈದು ಪಟ್ಟಾದರೆ ಬೀಳುವ, ತೂಗುವ, ಹೆಜ್ಜೆಯಿಡುವ ಸಮಯ ಅದರ ವರ್ಗಮೂಲದಷ್ಟು, ಅಂದರೆ ಆರೂವರೆ ಪಟ್ಟಿಗಿಂತ ತುಸು ಹೆಚ್ಚು. ನಾವು ಅರೆ ಸೆಕೆಂಡಿನಲ್ಲಿ ಇಡುವ ಹೆಜ್ಜೆಗೆ ಅದಕ್ಕೆ ಮೂರು ಸೆಕೆಂಡ್ ದಾಟಬೇಕು. ಮೊದಲ ಭಾಗ ಈ ಲೆಕ್ಕಕ್ಕೆ ಬಹುಮಟ್ಟಿಗೆ ನಿಷ್ಠವಾಗಿದೆ. ಎರಡನೆಯದು ಅದನ್ನು ಕೈಬಿಟ್ಟಿತು. ಓಡುವ ರೋಬೋಟ್ ಕಂಡ ಕೂಡಲೇ ಕಣ್ಣು ಅದನ್ನು ಎರಡಾಳೆತ್ತರದ ವಸ್ತು ಎಂದು ತೀರ್ಮಾನಿಸಿಬಿಡುತ್ತದೆ.

ಕಂಪ್ಯೂಟರ್ ಇಲ್ಲದ ದಿನಗಳಲ್ಲಿ ಜಪಾನಿನವರು ಪುಟ್ಟ ಊರಿನ ಮಾದರಿ ಕಟ್ಟಿ, ವೇಷ ಹಾಕಿದ ಮನುಷ್ಯನನ್ನು ಅದರೊಳಗೆ ನಡೆಸಿ ಚಿತ್ರ ತೆಗೆಯುತ್ತಿದ್ದರು. ಅಲ್ಲಿಯೂ ಇದೇ ಸೂತ್ರ. ಮಾದರಿ ಇಪ್ಪತ್ತೈದರಲ್ಲಿ ಒಂದಂಶವಾದರೆ ಕ್ಯಾಮೆರಾವನ್ನು ಐದು ಪಟ್ಟು ವೇಗದಲ್ಲಿ, ಸೆಕೆಂಡಿಗೆ 24ರ ಬದಲು 120 ಚೌಕಟ್ಟುಗಳಂತೆ ಓಡಿಸಬೇಕು. ತೆರೆಯ ಮೇಲೆ ಅದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಆಳೆತ್ತರದ ಗೋಡೆ ಬಹುಮಹಡಿ ಕಟ್ಟಡದಂತೆ ಕುಸಿಯುತ್ತದೆ.

ಗಾಜನೂರು ಹಿನ್ನೀರು (ಶಿವಮೊಗ್ಗ)

ಸರ್, ಜೋಗದ ಉದಾಹರಣೆ ಓದಿ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಅದಕ್ಕೆ ಸೇರಿಸಲು ಒಂದು ವಿವರವಿದೆ. ಮೊದಲ ಭಾಗದ ಆರಂಭದಲ್ಲಿ ಅಲಾಸ್ಕಾ ಕರಾವಳಿಯಲ್ಲಿ ಒಂದು ಮೀನುಗಾರಿಕೆ ದೋಣಿ ಬಿರುಗಾಳಿಗೆ ಸಿಕ್ಕಿರುತ್ತದೆ. ಜಿಪ್ಸಿ ಡೇಂಜರ್ ಆ ದೋಣಿಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತದೆ. ಹೋರಾಟದ ನಡುವೆ ಒಂದು ಕೈ ಬಿಡುವಿಲ್ಲದೆ ಆ ದೋಣಿಯನ್ನು ಕಾಯುತ್ತಿದೆ. ದೋಣಿ ಇದ್ದದ್ದರಿಂದ ಎತ್ತರ ತಿಳಿಯಿತು, ಅದನ್ನು ಕಾಯ್ದದ್ದರಿಂದ ಅದರ ಸ್ವಭಾವ ತಿಳಿಯಿತು. ಒಂದೇ ದೃಶ್ಯದಲ್ಲಿ ಎರಡು ಕೆಲಸ.

ಮತ್ತೆ ಮಳೆ. ಆ ಚಿತ್ರದಲ್ಲಿ ಹೋರಾಟಗಳು ಹೆಚ್ಚಾಗಿ ರಾತ್ರಿ, ಮಳೆಯಲ್ಲಿ, ನೀರಿನಲ್ಲಿ. ಭುಜದಿಂದ ಹರಿದ ನೀರು ಮೊಣಕೈ ತಲುಪುವಷ್ಟರಲ್ಲಿ ಹನಿಯಾಗಿ ಒಡೆದು ಮಂಜಾಗಿಬಿಡುತ್ತದೆ. ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳಲ್ಲಿ ಬಂಡೆಯಿಂದ ಬಂಡೆಗೆ ನೀರು ಇಳಿಯುವುದನ್ನು ಕಂಡವರಿಗೆ ಅದರ ಅಳತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಂಡೆಮದ್ದಳೆ (ಸಾಗರ)

ರೋಬೋಟ್ ಚಿತ್ರಗಳನ್ನು ನಾನು ಹೆಚ್ಚು ನೋಡಿದವನಲ್ಲ, ಆದರೆ ಕುಲುಮೆಯವರ ಮಾತು ನಮ್ಮ ಯಕ್ಷಗಾನದ ಆಟಕ್ಕೂ ಪೂರ್ತಿ ಅನ್ವಯಿಸುತ್ತದೆ. ಬಣ್ಣದ ವೇಷ ಕಟ್ಟಿದ ಕಲಾವಿದ ನಮ್ಮ ನಿಮ್ಮಷ್ಟೇ ಎತ್ತರ. ಕಿರೀಟ ಸೇರಿಸಿದರೂ ಎಷ್ಟಾದೀತು? ಆದರೂ ಗದ್ದೆಯಲ್ಲಿ ಹಾಕಿದ ರಂಗಸ್ಥಳದ ಎದುರು ಚಾಪೆಯ ಮೇಲೆ ಕೂತ ಮಕ್ಕಳಿಗೆ ಅವನು ಬೆಟ್ಟದಷ್ಟು ಕಾಣುತ್ತಾನೆ. ಅದಕ್ಕೆ ಕಾರಣ ಅವನ ಒಡ್ಡೋಲಗ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಚಂಡೆ ಏರುತ್ತಾ ಹೋಗುತ್ತದೆ. ಮೊದಲು ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಮರೆಯಾಗುತ್ತದೆ. ಒಂದು ಕೈ ಬರುತ್ತದೆ. ಒಂದು ಕೂಗು ಕೇಳುತ್ತದೆ. ತೆರೆ ತುಸು ಜಗ್ಗುತ್ತದೆ, ಮುಖದ ಬಣ್ಣದಲ್ಲಿ ಒಂದು ಚೂರು ಕಾಣಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಪೂರ್ತಿ ರೂಪ ಕಾಣುವಷ್ಟರಲ್ಲಿ ಮಗು ಅಪ್ಪನ ಪಂಚೆ ಹಿಡಿದುಕೊಂಡಾಗಿರುತ್ತದೆ.

ಭಾಗವತರು ಅವಸರ ಮಾಡಿ ಆ ಪ್ರವೇಶವನ್ನು ಮೊಟಕುಗೊಳಿಸಿದ ರಾತ್ರಿ, ಅದೇ ಕಲಾವಿದ, ಅದೇ ಬಣ್ಣ, ರಾಕ್ಷಸ ಮಾತ್ರ ಇಲ್ಲ. ಹಾಗಾಗಿ ತೂಕಕ್ಕಿಂತಲೂ ಕಾಯಿಸುವುದು ಮುಖ್ಯ ಎಂದು ನನ್ನ ವಾದ.

ಮೂರನೇ ಸೆಮಿಸ್ಟರ್ (ಶಿವಮೊಗ್ಗ)

ಹಿರಿಯರ ಮಾತಿಗೆ ಗೌರವ ಇಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ನೀವೆಲ್ಲ ಹೊರಗೆ ನಿಂತು ನೋಡುವವರ ಜಾಗದಿಂದ ಮಾತಾಡುತ್ತಿದ್ದೀರಿ. ವಿಡಿಯೋ ಆಟದಲ್ಲಿ ನಾನು ಒಳಗಿದ್ದೇನೆ. ಒಳಗಿರುವವನಿಗೆ ನಿಧಾನವೇ ಬೇಕೆಂದಿಲ್ಲ.

ಆರ್ಮರ್ಡ್ ಕೋರ್ ಸರಣಿ 1997ರಲ್ಲಿ ಶುರುವಾಯಿತು, ಆರನೆಯದು 2023ರ ಆಗಸ್ಟಿನಲ್ಲಿ ಬಂತು. ಅದರಲ್ಲಿ ರೋಬೋಟ್ ಮಿಂಚಿನಂತೆ ಜಾರುತ್ತದೆ, ಗಾಳಿಯಲ್ಲಿ ತಿರುಗುತ್ತದೆ. ಕುಲುಮೆ ಸರ್ ಲೆಕ್ಕದ ಪ್ರಕಾರ ಅದು ಆಟಿಕೆಯಾಗಿ ಕಾಣಬೇಕಿತ್ತು. ಆದರೆ ಅಲ್ಲಿ ಭಾರ ಬೇರೆ ಕಡೆ ಇದೆ. ತಲೆ, ಎದೆಗೂಡು, ತೋಳು, ಕಾಲು, ಜನರೇಟರ್, ಆಯುಧ ಎಲ್ಲವನ್ನೂ ನಾನೇ ಆರಿಸಿ ಜೋಡಿಸಬೇಕು. ಪ್ರತಿಯೊಂದಕ್ಕೂ ತೂಕವಿದೆ. ಆ ಕಾಲು ಹೊರುವ ಮಿತಿ ಮೀರಿದರೆ ಕಣಕ್ಕೆ ಇಳಿಯಲು ಬಿಡುವುದಿಲ್ಲ. ದೊಡ್ಡ ಫಿರಂಗಿ ಬೇಕೆಂದರೆ ಟ್ಯಾಂಕಿನಂಥ ಕಾಲು ಹಾಕಬೇಕು, ಆಗ ನೆಗೆತ ಹೋಯಿತು. ಒಂದು ರಾತ್ರಿಯೆಲ್ಲ ಹೋರಾಡದೆ ಬರೀ ಜೋಡಿಸುತ್ತಾ, ಬಿಚ್ಚುತ್ತಾ ಕೂತಿದ್ದೇನೆ.

2016ರ ಟೈಟನ್‌ಫಾಲ್ 2 ಇನ್ನೊಂದು ಬಗೆ. ಅಲ್ಲಿ ನೀವು ಮೊದಲು ಕಾಲಾಳು ಸೈನಿಕ, ಗೋಡೆಯ ಮೇಲೆ ಓಡುವಷ್ಟು ಚುರುಕು. ಆಮೇಲೆ ಬಿಟಿ ಎಂಬ ರೋಬೋಟಿನ ಒಳಗೆ ಕೂರುತ್ತೀರಿ. ಆ ಚುರುಕು ಇದ್ದುದರಿಂದಲೇ ಒಳಗೆ ಕೂತಾಗ ಬಂದ ಗಾಂಭೀರ್ಯ ಗೊತ್ತಾಗುತ್ತದೆ. ಅದಕ್ಕೆ ಮೂರು ನಿಯಮಗಳಿವೆ, ಮೂರನೆಯದು ತನ್ನ ಪೈಲಟ್ಟನ್ನು ಕಾಪಾಡುವುದು. ಒಂದು ಕಡೆ ದಾರಿ ತುಂಡಾದಾಗ ಬಿಟಿ ನಿಮ್ಮನ್ನು ಕೈಯಲ್ಲಿ ಎತ್ತಿ ಆಚೆ ದಡಕ್ಕೆ ಎಸೆಯುತ್ತದೆ. ಎಸೆಯುವ ಮೊದಲು ನನ್ನನ್ನು ನಂಬು ಎನ್ನುತ್ತದೆ. ಆಟ ಮುಗಿಯುವ ಹೊತ್ತಿಗೆ ನನಗೆ ಅದು ಯಂತ್ರವಾಗಿ ಉಳಿದಿರಲಿಲ್ಲ.

ಹಳೆಯದರಲ್ಲಿ ಸ್ಟೀಲ್ ಬಟಾಲಿಯನ್ ಬಗ್ಗೆ ಹೇಳಲೇಬೇಕು. 2002ರದು. ಅದರ ಜೊತೆಗೆ ಮೇಜು ತುಂಬುವ ಒಂದು ನಿಯಂತ್ರಣ ಫಲಕ ಬರುತ್ತಿತ್ತು: ಎರಡು ಕೋಲು, ಮೂರು ಪೆಡಲ್, ಸುಮಾರು 40 ಗುಂಡಿಗಳು. ಯಂತ್ರ ಚಾಲೂ ಮಾಡುವುದಕ್ಕೇ ಸಾಲಾಗಿ ಸ್ವಿಚ್ ಹಾಕಬೇಕು. ಒಂದು ಮುಚ್ಚಳದ ಕೆಳಗೆ ಹೊರಜಿಗಿಯುವ ಗುಂಡಿ ಇದೆ. ಯಂತ್ರ ಸ್ಫೋಟಿಸುವ ಮೊದಲು ಮುಚ್ಚಳ ಎತ್ತಿ ಅದನ್ನು ಒತ್ತದಿದ್ದರೆ ನಿಮ್ಮ ಪಾತ್ರ ಸತ್ತಂತೆ, ನೀವು ಉಳಿಸಿಟ್ಟುಕೊಂಡ ಆಟವೆಲ್ಲ ಅಳಿಸಿಹೋಗುತ್ತದೆ. ಅಷ್ಟು ಕಠೋರ ಆಟ ನನಗೆ ಇನ್ನೊಂದು ಗೊತ್ತಿಲ್ಲ, ಅದಕ್ಕಾಗಿಯೇ ಅದರ ಮೇಲೆ ಗೌರವ. ಭಯವಿಲ್ಲದೆ ದೊಡ್ಡ ಯಂತ್ರ ಓಡಿಸುವ ಅನುಭವ ಪೂರ್ತಿಯಾಗುವುದಿಲ್ಲ.

ಎರಡು ಲಿವರ್ (ತೀರ್ಥಹಳ್ಳಿ)

ತಮ್ಮ, ಒಳಗಿರುವವನ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಹಿಟಾಚಿ ಆಪರೇಟರ್. ಇಪ್ಪತ್ತು ಟನ್ ಯಂತ್ರ. ತೋಟದ ಬಸಿಗಾಲುವೆ, ಕೆರೆ ಹೂಳು, ಮಳೆಗಾಲದಲ್ಲಿ ಧರೆ ಕುಸಿದು ರಸ್ತೆಗೆ ಬಂದ ಮಣ್ಣು, ಇವೇ ನನ್ನ ಕೆಲಸ.

ಎಡಗೈ ಲಿವರ್ ಅಕ್ಕಪಕ್ಕ ತಳ್ಳಿದರೆ ಇಡೀ ಕ್ಯಾಬಿನ್ ಸೊಂಟದಿಂದ ತಿರುಗುತ್ತದೆ, ಹಿಂದೆ ಮುಂದೆ ಮಾಡಿದರೆ ಆರ್ಮ್ ಚಾಚುತ್ತದೆ, ಮಡಚುತ್ತದೆ. ಬಲಗೈಯಲ್ಲಿ ಬೂಮ್ ಏಳುತ್ತದೆ ಇಳಿಯುತ್ತದೆ, ಅದನ್ನೇ ಅಕ್ಕಪಕ್ಕ ಮಾಡಿದರೆ ಬಕೆಟ್ ಮುದುಡುತ್ತದೆ ಬಿಚ್ಚುತ್ತದೆ. ಚೈನ್ ನಡೆಸಲು ಪೆಡಲ್. ಹೊಸಬರು ಒಂದೊಂದೇ ಚಲನೆ ಮಾಡುತ್ತಾರೆ: ಎತ್ತು, ನಿಲ್ಲಿಸು, ತಿರುಗಿಸು, ನಿಲ್ಲಿಸು. ಪಳಗಿದ ಮೇಲೆ ನಾಲ್ಕೂ ಒಟ್ಟಿಗೆ ನಡೆಯುತ್ತವೆ, ಆಗ ಲಿವರ್ ಇದೆ ಎಂಬುದೇ ಮರೆತುಹೋಗುತ್ತದೆ. ಮಣ್ಣಿನೊಳಗೆ ಬಕೆಟ್ಟಿನ ಹಲ್ಲು ಬಂಡೆಗೆ ತಾಗಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎಂಜಿನ್ ಸದ್ದು ಕುಗ್ಗುತ್ತದೆ, ಸೀಟು ನಡುಗುತ್ತದೆ, ಬಿಡದೆ ಎಳೆದರೆ ಚೈನಿನ ಒಂದು ತುದಿ ನೆಲ ಬಿಟ್ಟು ಏಳುತ್ತದೆ. ನನ್ನ ಕೈಗೇ ಬಂಡೆ ತಾಗಿದಂತೆ ಗೊತ್ತಾಗುತ್ತದೆ. ಬೇಲಿ ಪಕ್ಕದಲ್ಲಿ ಒಂದು ಅಡಿಕೆ ಸಸಿಗೂ ನೋವಾಗದಂತೆ ಬಕೆಟ್ ಇಳಿಸಿ ಮಣ್ಣು ತೆಗೆದಾಗ ಆಗುವ ಸಂತೋಷ ಬೇರೆ ಯಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ.

ಎಲ್ಲಿ ಕೆಲಸ ಮಾಡಿದರೂ ಜನ ನಿಂತು ನೋಡುತ್ತಾರೆ. ಮಕ್ಕಳಂತೂ ಶಾಲೆಯ ದಾರಿ ಮರೆಯುತ್ತಾರೆ. ಅವರು ನೋಡುವುದು ಯಂತ್ರವನ್ನು ಎಂದುಕೊಂಡಿದ್ದೆ. ಕೆಳಗೆ ಇಳಿದಾಗ ನನ್ನ ಕೈಗಳನ್ನೇ ದಿಟ್ಟಿಸುತ್ತಾರೆ. ಇಷ್ಟು ಚಿಕ್ಕ ಕೈ ಅಷ್ಟು ದೊಡ್ಡ ಕೈಯನ್ನು ಆಡಿಸಿತೇ ಎಂದು.

ಗಾಜನೂರು ಹಿನ್ನೀರು (ಶಿವಮೊಗ್ಗ)

ಅಣ್ಣ, ನಾನು ಹೇಳಲು ಹೊರಟು ಹೇಳಲಾಗದೇ ಇದ್ದದ್ದು ಇದು. ಜಪಾನಿನ ಕಥೆಗಳು ಈ ಹಂತಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಬಂದಿವೆ. 1956ರಲ್ಲಿ ಮಿತ್ಸುತೆರು ಯೊಕೊಯಾಮ ಬರೆದ ಟೆತ್ಸುಜಿನ್ 28 ಕಾಮಿಕ್ಸ್ ಕಥೆಯಲ್ಲಿ ಹುಡುಗನ ಕೈಯಲ್ಲಿ ರಿಮೋಟ್ ಇರುತ್ತದೆ. ಅದು ಕಳ್ಳನ ಕೈಗೆ ಸಿಕ್ಕಿದರೆ ರೋಬೋಟ್ ಕಳ್ಳನದು. ಒಳ್ಳೆಯದು ಕೆಟ್ಟದ್ದು ಯಂತ್ರದಲ್ಲಿಲ್ಲ. 1972ರಲ್ಲಿ ಗೊ ನಾಗಾಯ್ ಅವರ ಮಾಜಿಂಗರ್ ಝಡ್ ಬಂದಾಗ ಹುಡುಗ ಪುಟ್ಟ ಹಾರುವ ವಾಹನದಲ್ಲಿ ಬಂದು ರೋಬೋಟಿನ ತಲೆಯಲ್ಲೇ ಕೂರುತ್ತಾನೆ. ಅಲ್ಲಿಂದ ಮುಂದೆ ರೋಬೋಟಿಗೆ ಬಿದ್ದ ಪೆಟ್ಟು ಅವನಿಗೂ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಈ ಪ್ರಕಾರದ ಅತಿ ದೊಡ್ಡ ತಿರುವು ಇದೇ. ಪೆಸಿಫಿಕ್ ರಿಮ್ ಇನ್ನೊಂದು ಹೆಜ್ಜೆ ಹೋಗಿ ಒಬ್ಬರಿಂದ ಹೊರಲಾಗದ ಮೈಗೆ ಇಬ್ಬರನ್ನು ಕೂರಿಸಿ, ಇಬ್ಬರ ನೆನಪುಗಳೂ ಬೆರೆಯುವಂತೆ ಮಾಡಿತು.

2007ರ ಟ್ರಾನ್ಸ್‌ಫಾರ್ಮರ್ಸ್ ನನಗೆ ಹತ್ತಿರವಾಗದೇ ಇರುವುದಕ್ಕೂ ಇದೇ ಕಾರಣ. ಆಪ್ಟಿಮಸ್ ಪ್ರೈಮ್ ಒಬ್ಬನಿಗೇ 10,108 ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದರು. ದುಡಿಮೆಗೆ ಕೈ ಮುಗಿಯಬೇಕು. ಆದರೆ ಹೋರಾಟ ಶುರುವಾದರೆ ಯಾವ ತೋಳು ಯಾರದೆಂದು ಕಣ್ಣಿಗೆ ಹಿಡಿಯುವುದಿಲ್ಲ. ಅಲ್ಲಿ ಭಾರ ಉಳಿದಿರುವುದು ಆಪ್ಟಿಮಸ್‌ಗೆ ದನಿ ಕೊಟ್ಟ ಪೀಟರ್ ಕಲೆನ್ ಕಂಠದಲ್ಲಿ ಮಾತ್ರ.

ಸಂಪಿಗೆ (ಹೊಸನಗರ)

ಎಲ್ಲ ಓದಿದೆ. ನನ್ನ ಮಗ ಹತ್ತನೇ ತರಗತಿ. ಶಾಲೆಯಿಂದ ಬಂದರೆ ಇದೇ ಧ್ಯಾನ. ನಾನು ವಿರೋಧಿಯಲ್ಲ, ಆದರೆ ತಾಯಿಯಾಗಿ ಒಂದು ಪ್ರಶ್ನೆ ಇದೆ. ಇವೆಲ್ಲವೂ ಆಯುಧಗಳೇ ಅಲ್ಲವೇ? ಊರು ಒಡೆಯುವುದು, ಸುಡುವುದು. ಅದರೊಳಗೆ ಮಕ್ಕಳನ್ನು ಕೂರಿಸಿ ವೀರರೆಂದು ಹೊಗಳುವುದು, ಕೊನೆಗೆ ಅಂಗಡಿಯಲ್ಲಿ ಅದರ ಆಟಿಕೆ ಮಾರುವುದು. ನೀವು ಕಾಣುವ ಸೌಂದರ್ಯ ನನಗೆ ಪೂರ್ತಿ ಕಾಣುತ್ತಿಲ್ಲ.

ನನ್ನ ಬಾಲ್ಯದಲ್ಲಿ ದೂರದರ್ಶನದಲ್ಲಿ ಜೈಂಟ್ ರೋಬೋಟ್ ಬರುತ್ತಿತ್ತು. ಹುಡುಗ ಕೈಗಡಿಯಾರಕ್ಕೆ ಬಾಯಿ ಇಟ್ಟು ಕರೆದರೆ ಅದು ಹಾರಿ ಬರುತ್ತಿತ್ತು. ನಾವು ಮಕ್ಕಳೆಲ್ಲ ಮಣಿಕಟ್ಟು ಬಾಯಿಗೆ ಹಿಡಿದು ಅಂಗಳದಲ್ಲಿ ಓಡುತ್ತಿದ್ದೆವು. ಅದರ ಕೊನೆಯ ಕಂತು ಇವತ್ತಿಗೂ ಮರೆತಿಲ್ಲ. ಹುಡುಗ ಬೇಡ, ಹಿಂದಿರುಗು ಎಂದು ಕೂಗುತ್ತಿದ್ದರೂ ರೋಬೋಟ್ ಮೊದಲ ಬಾರಿ ಅವನ ಮಾತು ಮೀರಿ ಶತ್ರುವನ್ನು ಅಪ್ಪಿ ಹಿಡಿದು ಆಕಾಶಕ್ಕೆ ಹೋಗಿ ನಾಶವಾಗುತ್ತದೆ. ಅಂದು ನಾನು ಅತ್ತಿದ್ದೆ. ಅಂಥ ಕಥೆ ಈಗಲೂ ಇದೆಯೇ?

ಗಾಜನೂರು ಹಿನ್ನೀರು (ಶಿವಮೊಗ್ಗ)

ಅಕ್ಕ, ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಈ ಪ್ರಕಾರದ ಒಳ್ಳೆಯ ಕೃತಿಗಳೇ ಆ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಂಡಿವೆ. ಆಟಿಕೆ ಮಾರುವುದಕ್ಕಾಗಿಯೇ ಇವುಗಳಲ್ಲಿ ಹಲವು ಹುಟ್ಟಿದ್ದು ನಿಜ. 1979ರ ಮೊಬೈಲ್ ಸೂಟ್ ಗುಂಡಮ್ ಕೂಡ ಆಟಿಕೆ ಕಂಪನಿಯ ಪ್ರಾಯೋಜಕತ್ವದಲ್ಲಿ ಬಂದದ್ದು. ಆದರೆ ನಿರ್ದೇಶಕ ಯೊಶಿಯುಕಿ ತೊಮಿನೊ ಅದರಲ್ಲಿ ಹೇಳಿದ್ದು ಯುದ್ಧದ ಕಥೆಯನ್ನು. ಎರಡೂ ಕಡೆ ಮನುಷ್ಯರು, ಎರಡೂ ಕಡೆ ಸಾವು. ಹದಿನೈದರ ಹುಡುಗ ಅಮುರೊ ಹೋರಾಡಿ ಹೋರಾಡಿ ಬಳಲಿ, ಇನ್ನು ರೋಬೋಟ್ ಹತ್ತುವುದಿಲ್ಲ ಎಂದು ಕೋಣೆಯಲ್ಲಿ ಕೂರುತ್ತಾನೆ. ಜನ ನೋಡಲಿಲ್ಲ, 52 ಕಂತುಗಳೆಂದು ಯೋಜಿಸಿದ್ದನ್ನು 43ಕ್ಕೆ ನಿಲ್ಲಿಸಿದರು. ಮರುಪ್ರಸಾರದಲ್ಲಿ, 1980ರಿಂದ ಬಂದ ಪ್ಲಾಸ್ಟಿಕ್ ಮಾದರಿಗಳ ಬಲದಲ್ಲಿ ಅದು ಮತ್ತೆ ಎದ್ದು ನಿಂತಿತು. ಆಟಿಕೆಗಾಗಿ ಹುಟ್ಟಿದ್ದು ಆಟಿಕೆಯಿಂದಲೇ ಉಳಿಯಿತು, ಆದರೆ ಉಳಿದ ಕಥೆ ಯುದ್ಧವನ್ನು ಹೊಗಳುವುದಲ್ಲ.

1995ರ ಇವಾಂಗೆಲಿಯನ್ ಸರಣಿ ಇನ್ನೂ ನಿಷ್ಠುರ. ಹದಿನಾಲ್ಕರ ಶಿಂಜಿಯನ್ನು ಅವನ ತಂದೆಯೇ ಕರೆಸಿ ಒಳಗೆ ಕೂರು ಎನ್ನುತ್ತಾನೆ. ರೋಬೋಟಿನ ಬೆನ್ನಿಗೆ ವಿದ್ಯುತ್ತಿನ ಕೇಬಲ್, ಅದು ಕಡಿದುಹೋದರೆ ಪೂರ್ತಿ ಶಕ್ತಿಯಲ್ಲಿ ಒಂದು ನಿಮಿಷ ಮಾತ್ರ. ಅದನ್ನು ನೋಡಿ ಮುಗಿಸಿದವರಿಗೆ ಮಗುವನ್ನು ಯಂತ್ರದೊಳಗೆ ಕೂರಿಸುವ ಹಿರಿಯರ ಬಗ್ಗೆ ಸಿಟ್ಟು ಬರದೇ ಇರದು. ಆದರೆ ಅದು ಹತ್ತನೇ ತರಗತಿಯವರಿಗೆ ಬೇಡ ಎಂದು ನನ್ನ ಸಲಹೆ. ಮನಸ್ಸನ್ನು ಬಹಳ ಕಲಕುತ್ತದೆ.

ನೀವು ಅತ್ತ ಜೈಂಟ್ ರೋಬೋಟ್ ಕೂಡ ಯೊಕೊಯಾಮ ಅವರದೇ ಸೃಷ್ಟಿ, 1967ರಲ್ಲಿ ಜಪಾನಿನಲ್ಲಿ ಶುರುವಾದದ್ದು. ಅದೇ ಮನಸ್ಸಿನ ಚಿತ್ರ ಬೇಕೆಂದರೆ 1999ರ ದಿ ಐರನ್ ಜೈಂಟ್ ನೋಡಿ. ಬ್ರಾಡ್ ಬರ್ಡ್ ನಿರ್ದೇಶನ, 86 ನಿಮಿಷ. ಕಥೆ ನಡೆಯುವುದು 1957ರಲ್ಲಿ, ಸ್ಪುಟ್ನಿಕ್ ಹಾರಿದ ದಿನಗಳ ಅಮೆರಿಕದಲ್ಲಿ. ಆಕಾಶದಿಂದ ಬಿದ್ದ ಕಬ್ಬಿಣದ ದೈತ್ಯನೊಬ್ಬ ಆಯುಧವಾಗಿ ತಯಾರಾದವನು, ಆಯುಧವಾಗಿರಲು ಒಲ್ಲದವನು. ಕೊನೆಯಲ್ಲಿ ಅವನು ಏನಾಗುತ್ತಾನೆ ಎಂದು ಹೇಳುವುದಿಲ್ಲ, ಮಗನ ಜೊತೆ ಕೂತು ನೋಡಿ.

ಚಂಡೆಮದ್ದಳೆ (ಸಾಗರ)

ತಂಗಿಯವರ ಜೈಂಟ್ ರೋಬೋಟ್ ಕಥೆ ಓದಿ ಘಟೋತ್ಕಚ ನೆನಪಾದ. ಕರ್ಣನ ಶಕ್ತ್ಯಾಯುಧ ತಗುಲಿ ಸಾಯುವ ಗಳಿಗೆಯಲ್ಲೂ ಮೈಯನ್ನು ಹಿಗ್ಗಿಸಿಕೊಂಡು ಕೌರವ ಸೇನೆಯ ಮೇಲೆ ಬೀಳುತ್ತಾನೆ. ದೈತ್ಯ ದೇಹದ ಪ್ರಾಣ ತನಗಾಗಿ ಇರುವುದಿಲ್ಲ ಎಂಬ ಕಲ್ಪನೆ ನಮ್ಮಲ್ಲಿ ಹಿಂದಿನಿಂದಲೂ ಇದೆ.

ಸಣ್ಣ ಭಾಗಗಳು (ಕೊಪ್ಪ)

ಪ್ಲಾಸ್ಟಿಕ್ ಮಾದರಿಯ ಪ್ರಸ್ತಾಪ ಬಂತು, ಅದು ನನ್ನ ಹವ್ಯಾಸ. ಸಂಪಿಗೆ ಅಕ್ಕ, ಮಗನಿಗೆ ಪರದೆಯಿಂದ ಸ್ವಲ್ಪ ಬಿಡುವು ಬೇಕೆಂದರೆ ಇದನ್ನು ಯೋಚಿಸಿ. 1/144 ಅಳತೆಯ ಗುಂಡಮ್ ಮಾದರಿ ನಿಂತರೆ ಹನ್ನೆರಡೂವರೆ ಸೆಂಟಿಮೀಟರ್. ಅಂಟು ಬೇಡ, ಭಾಗಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಚೌಕಟ್ಟಿನಿಂದ ಪ್ರತಿ ಭಾಗವನ್ನು ಕಟ್ಟರಿನಲ್ಲಿ ಎರಡು ಸಲ ಕತ್ತರಿಸಬೇಕು: ಮೊದಲು ತುಸು ದೂರದಲ್ಲಿ, ಆಮೇಲೆ ಮೈಗೆ ತಾಗಿ. ಒಂದೇ ಸಲಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಹರಿದು ಬಿಳಿ ಕಲೆ ಉಳಿಯುತ್ತದೆ. ಮೊಣಕಾಲು ಕಟ್ಟುವಾಗ ಒಳಗೆ ಎರಡು ಕೀಲು ಯಾಕಿವೆ, ಭುಜ ಮುಂದಕ್ಕೆ ಹೇಗೆ ಸರಿಯುತ್ತದೆ ಎಂದು ಕೈಗೇ ತಿಳಿಯುತ್ತದೆ. ಚಿತ್ರದಲ್ಲಿ ಕಂಡ ಚಲನೆಯ ಹಿಂದಿನ ಯೋಚನೆ ನನಗೆ ಅರ್ಥವಾದದ್ದು ಹೀಗೆ.

ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಕಟ್ಟಿ ಮುಗಿದ ಮೇಲೆ ಹೊಳಪು ತೆಗೆಯಲು ಮ್ಯಾಟ್ ಸ್ಪ್ರೇ ಹೊಡೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ತಂಟೆಗೆ ಹೋಗಬೇಡಿ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಂಡು ಮೈಮೇಲೆಲ್ಲ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಕಪ್ಪು, ಕಡುನೀಲಿ ಭಾಗಗಳಲ್ಲಂತೂ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಕಟ್ಟಿ, ಡಿಸೆಂಬರಿನ ಬಿಸಿಲಿಗೆ ಬಣ್ಣ ಹಚ್ಚಿ.

ಕುಲುಮೆ (ಭದ್ರಾವತಿ)

ನಿಜವಾದ ರೋಬೋಟ್ ಕಟ್ಟಿದವರ ಬಗ್ಗೆ ಯಾರೂ ಬರೆಯಲಿಲ್ಲ. ಯೊಕೊಹಾಮದಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ 18 ಮೀಟರ್ ಎತ್ತರದ, ಚಲಿಸುವ ಗುಂಡಮ್ ನಿಲ್ಲಿಸಿದ್ದರು. ಎತ್ತರದಲ್ಲಿ ನಮ್ಮ ಹಳೆಯ ತೋಟದ ಅಡಿಕೆ ಮರದಷ್ಟು. ತೂಕ ಸುಮಾರು 25 ಟನ್. ಮಂಡಿಯೂರುತ್ತಿತ್ತು, ಕಾಲೆತ್ತುತ್ತಿತ್ತು, ಬೆರಳು ತೋರಿಸುತ್ತಿತ್ತು. ಆದರೆ ಅದರ ಭಾರವನ್ನು ಹಿಂದಿನಿಂದ ಸೊಂಟಕ್ಕೆ ಹಿಡಿದ ಆಧಾರ ಹೊರುತ್ತಿತ್ತು, ಪಾದಗಳಲ್ಲ. ಗೆಲಿಲಿಯೊ ಇನ್ನೂ ಗೆಲ್ಲುತ್ತಲೇ ಇದ್ದಾನೆ. 2023ರಲ್ಲಿ ಬಂದ ಆರ್ಕಾಕ್ಸ್ ಎಂಬ ಯಂತ್ರದಲ್ಲಿ ಎದೆಯೊಳಗೆ ಮನುಷ್ಯ ಕೂರಬಹುದು. ನಾಲ್ಕೂವರೆ ಮೀಟರ್ ಎತ್ತರ, ಮೂರೂವರೆ ಟನ್, ಬೆಲೆ 40 ಕೋಟಿ ಯೆನ್. ಅದು ನಡೆಯುವುದಿಲ್ಲ, ಗಾಲಿಗಳ ಮೇಲೆ ಗಂಟೆಗೆ 10 ಕಿಲೋಮೀಟರ್ ಹೋಗುತ್ತದೆ. ಹೊರಗೆ ನೋಡಲು ಕಿಟಕಿಯಿಲ್ಲ, ಕ್ಯಾಮೆರಾಗಳು ಕೊಡುವ ದೃಶ್ಯವನ್ನು ಒಳಗಿನ ಪರದೆಗಳಲ್ಲಿ ನೋಡಿ ಓಡಿಸಬೇಕು.

ಎರಡು ಲಿವರ್ ಅವರೇ, ಮನುಷ್ಯ ಒಳಗೆ ಕೂರುವ ಆ ಆರ್ಕಾಕ್ಸ್‌ಗಿಂತ ಭಾರದ ಯಂತ್ರ ನೀವು ದಿನಾ ಕೆಸರಿನಲ್ಲಿ ಓಡಿಸುತ್ತಿದ್ದೀರಿ.

ಎರಡು ಲಿವರ್ (ತೀರ್ಥಹಳ್ಳಿ)

ಸರ್, ಧನ್ಯವಾದ. ಸೆಮಿಸ್ಟರ್ ತಮ್ಮ, ಒಂದು ಕೇಳಬೇಕಿತ್ತು. ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಆಡುವ ಆಟ ಈಗ ಸಿಗುತ್ತದೆಯೇ? ಸ್ಟೀಲ್ ಬಟಾಲಿಯನ್ ನನಗೆಲ್ಲಿ ಸಿಗಬೇಕು.

ಮೂರನೇ ಸೆಮಿಸ್ಟರ್ (ಶಿವಮೊಗ್ಗ)

ಅಣ್ಣ, ನಿಮಗೆ ಮೆಕ್‌ವಾರಿಯರ್ 5 ಸರಿಹೊಂದುತ್ತದೆ. 2019ರದು, ಜಾಯ್‌ಸ್ಟಿಕ್ ಜೋಡಿಸಬಹುದು. ಅದರಲ್ಲಿ ಕಾಲು ಒಂದು ದಿಕ್ಕಿಗೆ ನಡೆಯುತ್ತಿರುವಾಗ ಸೊಂಟದಿಂದ ಮೇಲಿನ ಭಾಗವನ್ನು ಬೇರೆ ದಿಕ್ಕಿಗೆ ತಿರುಗಿಸಬೇಕು, ಹೊಸಬರೆಲ್ಲ ಇಲ್ಲೇ ಎಡವುತ್ತಾರೆ. ಚೈನ್ ಒಂದು ಕಡೆ, ಕ್ಯಾಬಿನ್ ಒಂದು ಕಡೆ ಇಟ್ಟು ಕೆಲಸ ಮಾಡುವ ನಿಮಗೆ ಅದು ಮೊದಲ ದಿನವೇ ಒಲಿಯುತ್ತದೆ. ಒಂದನ್ನು ಮಾತ್ರ ಕಲಿಯಬೇಕು. ಎಲ್ಲ ಆಯುಧಗಳನ್ನೂ ಒಟ್ಟಿಗೆ ಹಾರಿಸಿದರೆ ಯಂತ್ರ ಕಾದು ತಾನಾಗಿ ನಿಂತುಬಿಡುತ್ತದೆ, ಶತ್ರು ಎದುರಿಗಿದ್ದರೂ. ಉಷ್ಣದ ಮುಳ್ಳಿನ ಮೇಲೆ ಒಂದು ಕಣ್ಣು ಇರಲಿ.

ಎರಡು ಲಿವರ್ (ತೀರ್ಥಹಳ್ಳಿ)

ಮುಳ್ಳು ನೋಡುವುದನ್ನು ಕಲಿಸಬೇಕಾಗಿಲ್ಲ ತಮ್ಮ. ಬೇಸಿಗೆಯಲ್ಲಿ ಬಂಡೆ ಒಡೆಯುವಾಗ ದಿನವಿಡೀ ಅದನ್ನೇ ನೋಡುತ್ತೇನೆ. ಜಾಯ್‌ಸ್ಟಿಕ್ ಯಾವುದು ಕೊಳ್ಳಬೇಕು, ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆಯೇ, ಅದನ್ನು ಬರೆದು ಹಾಕು. ಮಳೆ ಹಿಡಿದರೆ ಮಣ್ಣಿನ ಕೆಲಸ ನಿಲ್ಲುತ್ತದೆ, ಅಷ್ಟರೊಳಗೆ ತರಿಸಿಕೊಳ್ಳುತ್ತೇನೆ.